ಕಲ್ಲಿದ್ದಲಿಗೂ ಕಲ್ಲೆಣ್ಣೆಗೂ ಒಂದೇ ಬಾಣದ ಚಿತ್ರ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಪಳೆಯುಳಿಕೆ ಇಂಧನಗಳ ಬಗ್ಗೆ ಬರೆಯುವಾಗಲೆಲ್ಲ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಬರುವ ಚಿತ್ರವೊಂದಿದೆ. ಎಡಗಡೆ ಕಾಡು, ಕಾಡಿನಲ್ಲೊಂದು ಡೈನೋಸಾರ್. ಅಲ್ಲಿಂದ ಕೆಳಕ್ಕೆ ಒಂದು ದಪ್ಪ ಬಾಣ. ಬಾಣದ ಪಕ್ಕ ‘ಕೋಟ್ಯಂತರ ವರ್ಷ, ಒತ್ತಡ’ ಎಂಬ ಬರಹ. ತುದಿಯಲ್ಲಿ ಕಲ್ಲಿದ್ದಲಿನ ಪಟ್ಟೆ, ಅದರಡಿ ಕಪ್ಪು ಎಣ್ಣೆಯ ಕೆರೆ, ಕೆರೆಯ ಮೇಲೆ ಗುಳ್ಳೆಯಂತೆ ಅನಿಲ. ನಿಮ್ಮ ಪುಟದಲ್ಲಿ ಬಂದದ್ದೂ ಇದೇ. ಚಿತ್ರ ಚೆಂದವಾಗಿದೆ; ಆದರೆ ಅದರಲ್ಲಿ ಪೂರ್ತಿ ಸರಿಯಿರುವುದು ಬಾಣ ಕೆಳಮುಖವಾಗಿದೆ ಎಂಬುದೊಂದೇ. ಪಕ್ಕದ ಬರಹದಲ್ಲಿ ‘ಹಳೆಯದಾದಷ್ಟೂ ಉತ್ತಮ ಇಂಧನ’ ಎಂಬ ಮಾತೂ ಇತ್ತು. ಆ ಚಿತ್ರಕ್ಕಿಂತ ಈ ಮಾತೇ ಓದುಗರನ್ನು ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ತಕರಾರು.

ಮೊದಲು ಡೈನೋಸಾರ್ ವಿಚಾರ ಮುಗಿಸಿಬಿಡೋಣ, ಅದು ಸುಲಭ. ಯುರೋಪು, ಉತ್ತರ ಅಮೆರಿಕದ ದೊಡ್ಡ ಕಲ್ಲಿದ್ದಲು ಪದರಗಳು ಕಾರ್ಬಾನಿಫೆರಸ್ ಕಾಲದವು, ಎಂದರೆ ಸುಮಾರು 35.9 ಕೋಟಿಯಿಂದ 29.9 ಕೋಟಿ ವರ್ಷ ಹಿಂದಿನವು. ಮೊದಲ ಡೈನೋಸಾರ್ ಕಾಣಿಸಿಕೊಂಡದ್ದು ಅದಾಗಿ ಐದಾರು ಕೋಟಿ ವರ್ಷ ಕಳೆದ ಮೇಲೆ. ಎಣ್ಣೆ ಕೊಟ್ಟ ಶಿಲೆಗಳಲ್ಲಿ ಬಹಳಷ್ಟು ಜುರಾಸಿಕ್, ಕ್ರಿಟೇಷಿಯಸ್ ಕಾಲದವು, ಆಗ ನೆಲದ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು ಎಂಬುದು ನಿಜ. ಆದರೆ ಎಣ್ಣೆಗೆ ಸರಕು ಒದಗಿಸಿದ್ದು ನೀರಿನಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮತ್ತು ಬ್ಯಾಕ್ಟೀರಿಯಾ. ಸಿಂಕ್ಲೇರ್ ಎಂಬ ಅಮೆರಿಕದ ಎಣ್ಣೆ ಕಂಪನಿ 1930ರಲ್ಲಿ ಜಾಹೀರಾತಿಗೆ ಡೈನೋಸಾರ್ ಬಳಸತೊಡಗಿತು, 1933ರ ಶಿಕಾಗೊ ವಿಶ್ವಮೇಳದಲ್ಲಿ ಅದರ ಪ್ರತಿಕೃತಿಯನ್ನೂ ನಿಲ್ಲಿಸಿತು. ಆ ಪ್ರಾಣಿ ಇನ್ನೂ ಪೆಟ್ರೋಲ್ ಟ್ಯಾಂಕಿನಿಂದ ಇಳಿದಿಲ್ಲ.

ನಾವು ಬಳಸುವ ಪದದಲ್ಲೂ ಸ್ವಲ್ಪ ತೊಡಕಿದೆ. ‘ಫಾಸಿಲ್’ ಲ್ಯಾಟಿನ್ನಿನಿಂದ ಬಂದದ್ದು. ಮೂಲದಲ್ಲಿ ‘ಅಗೆದು ತೆಗೆದದ್ದು’ ಎಂದಷ್ಟೇ ಅರ್ಥ. ‘ಪಳೆಯುಳಿಕೆ’ ಎಂದೊಡನೆ ಕಣ್ಣ ಮುಂದೆ ಮೂಳೆ ಬಂದು ನಿಲ್ಲುತ್ತದೆ. ಪೆಟ್ರೋಲಿಯಂಗೆ ಇರುವ ಕಲ್ಲೆಣ್ಣೆ, ಶಿಲಾತೈಲ ಎಂಬ ಹೆಸರುಗಳು ಎಷ್ಟೋ ಮೇಲು. ಎಣ್ಣೆ ಇರುವುದು ಕಲ್ಲಿನೊಳಗೆ ಎಂದು ಹೆಸರೇ ಹೇಳುತ್ತದೆ.

ಕಲ್ಲಿದ್ದಲು ಮುಖ್ಯವಾಗಿ ನೆಲದ ಗಿಡಮರಗಳದ್ದು. ಅದರ ಕಚ್ಚಾವಸ್ತು ಮರದ ನಾರು ಮತ್ತು ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್. ಎಣ್ಣೆ ಪಾಚಿಯದು, ಅದರ ಮುಖ್ಯ ಬಂಡವಾಳ ಕೊಬ್ಬಿನಂಥ ಪದಾರ್ಥ. ನಾರಿನಲ್ಲಿ ಜಲಜನಕ ಇದ್ದರೂ ಬಹುಪಾಲು ಆಮ್ಲಜನಕಕ್ಕೆ ಅಂಟಿಕೊಂಡು ನೀರಾಗಿ ಹೊರಟುಹೋಗುತ್ತದೆ. ಕೊಬ್ಬಿನಲ್ಲಿ ಅದು ಇಂಗಾಲದ ಜೊತೆಗೇ ಉಳಿಯುತ್ತದೆ. ಕೊನೆಗೆ ಸಿಗುವ ಇಂಧನದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಇಂಗಾಲದ ಪರಮಾಣುವಿಗೆ ಕಲ್ಲಿದ್ದಲಿನಲ್ಲಿ ಒಂದಕ್ಕಿಂತ ಕಡಿಮೆ ಜಲಜನಕದ ಪರಮಾಣು, ಎಣ್ಣೆಯಲ್ಲಿ ಎರಡಕ್ಕೆ ಹತ್ತಿರ, ಮೀಥೇನಿನಲ್ಲಿ ನಾಲ್ಕು. ಅಷ್ಟೇ ಶಾಖಕ್ಕೆ ಇವು ಉಗುಳುವ ಇಂಗಾಲದ ಡೈಆಕ್ಸೈಡ್ ಬೇರೆ ಬೇರೆ ಇರುವುದಕ್ಕೂ ಇದೇ ಕಾರಣ. ಒಂದು ಗಿಗಾಜೂಲ್ ಶಾಖಕ್ಕೆ ಬಿಟುಮಿನಸ್ ಎಂಬ ದರ್ಜೆಯ ಕಲ್ಲಿದ್ದಲು ಸುಮಾರು 95 ಕಿಲೋ, ಕಚ್ಚಾ ತೈಲ 73, ನೈಸರ್ಗಿಕ ಅನಿಲ 56.

ಕಲ್ಲಿದ್ದಲಾಗಲು ಮರ ಬಿದ್ದರೆ ಸಾಲದು, ಬಿದ್ದದ್ದು ಕೊಳೆಯದೆ ಉಳಿಯಬೇಕು. ಒಣನೆಲದ ಕಾಡಿನಲ್ಲಿ ಅದು ಉಳಿಯುವುದಿಲ್ಲ. ಎಲೆ, ಕೊಂಬೆ, ಕಾಂಡ ಎಲ್ಲವೂ ಹುಳ, ಅಣಬೆಗಳ ಪಾಲಾಗಿ ಗಾಳಿಗೆ ಮರಳುತ್ತವೆ. ಜೌಗಿನ ನಿಂತ ನೀರಿನಲ್ಲಿ ಹಾಗಲ್ಲ. ಮೇಲ್ಪದರ ದಾಟಿದರೆ ಆಮ್ಲಜನಕ ಇಲ್ಲ. ಅರೆಕೊಳೆತ ನಾರು ಪದರದ ಮೇಲೆ ಪದರವಾಗಿ ಕೂಡಿಕೊಳ್ಳುತ್ತದೆ. ಇದೇ ಪೀಟ್. ಅದರ ಬೆಳವಣಿಗೆ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್, ಹಸಿಯಾಗಿದ್ದಾಗ ಅದರ ತೂಕದಲ್ಲಿ ಶೇ 90ರಷ್ಟು ನೀರೇ ಇರಬಹುದು. ಹೂತು, ಹಿಂಡಿ, ಬಿಸಿಯಾಗಿ ಬಿಟುಮಿನಸ್ ಕಲ್ಲಿದ್ದಲಾಗುವ ಹೊತ್ತಿಗೆ ಸುಮಾರು ಹತ್ತು ಮೀಟರ್ ಪೀಟ್ ಒಂದು ಮೀಟರಿಗೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಮೂರು ಮೀಟರ್ ದಪ್ಪದ ಪದರಕ್ಕೆ ಮೂವತ್ತು ಮೀಟರ್ ಪೀಟ್ ಬೇಕು, ಅದಕ್ಕೆ ಮೂವತ್ತು ಸಾವಿರ ವರ್ಷ ಕೆಡದೆ ಉಳಿದ ಜೌಗು ಬೇಕು.

ಅಷ್ಟೂ ಕಾಲ ನೆಲ ನಿಧಾನವಾಗಿ ಕುಸಿಯುತ್ತಲೇ ಇರಬೇಕು, ಅದೂ ಪೀಟ್ ಬೆಳೆಯುವ ವೇಗಕ್ಕೆ ಸರಿಸಮವಾಗಿ. ಬೇಗ ಕುಸಿದರೆ ಜೌಗು ಮುಳುಗಿ ಕೆರೆಯಾಗುತ್ತದೆ, ಪೀಟಿನ ಮೇಲೆ ಕೆಸರು ಬಂದು ಕೂರುತ್ತದೆ. ಕುಸಿಯದಿದ್ದರೆ ಪೀಟ್ ನೀರಿನಿಂದ ಮೇಲೆದ್ದು, ಒಣಗಿ, ಕೊಳೆತೋ ಉರಿದೋ ಹೋಗುತ್ತದೆ. ಗಣಿಯ ಗೋಡೆಯಲ್ಲಿ ಕಲ್ಲಿದ್ದಲು, ಜೇಡಿಗಲ್ಲು, ಮರಳುಗಲ್ಲು, ಮತ್ತೆ ಕಲ್ಲಿದ್ದಲು ಎಂದು ಪಟ್ಟೆಪಟ್ಟೆಯಾಗಿ ಕಾಣುವುದು ಈ ಏರುಪೇರಿನ ದಾಖಲೆ. ಪದರದ ಅಡಿಯ ಜೇಡಿಯಲ್ಲಿ ಅಂದಿನ ಮರಗಳ ಬೇರಿನ ಅಚ್ಚು ಎಷ್ಟೋ ಕಡೆ ಹಾಗೇ ಇದೆ.

ಲಿಗ್ನಿನ್ ತಿನ್ನುವ ಅಣಬೆ ಆಗಿನ್ನೂ ಹುಟ್ಟಿರಲಿಲ್ಲ, ಅದಕ್ಕೇ ಕಾರ್ಬಾನಿಫೆರಸ್‌ನಲ್ಲಿ ಅಷ್ಟೊಂದು ಕಲ್ಲಿದ್ದಲಾಯಿತು ಎಂಬ ಕಥೆ ಬಹಳ ಓಡಾಡುತ್ತದೆ. ಕೇಳಲು ಸೊಗಸು, ನಂಬಲು ಕಷ್ಟ. ಕಲ್ಲಿದ್ದಲು ಅಲ್ಲಿಗೆ ನಿಲ್ಲಲಿಲ್ಲ. ಅದರ ಮುಂದಿನ ಪರ್ಮಿಯನ್ ಕಾಲದಲ್ಲಿ, ಗೊಂಡ್ವಾನ ಎಂಬ ದಕ್ಷಿಣದ ಪುರಾತನ ಮಹಾಖಂಡದ ಜೌಗುಗಳಲ್ಲಿ, ಗ್ಲಾಸಾಪ್ಟರಿಸ್ ಗಿಡಗಳಿಂದ ಆಯಿತು, ಡೈನೋಸಾರ್‌ಗಳು ಅಳಿದ ಮೇಲೂ ಆಯಿತು. ಅದೇ ಗ್ಲಾಸಾಪ್ಟರಿಸ್ ಎಲೆಯ ಅಚ್ಚಿದ್ದ ಕಲ್ಲುಗಳನ್ನು 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುತ್ತಿದ್ದ ಬ್ರಿಟನ್ನಿನ ಸ್ಕಾಟ್ ತಂಡ ಅಂಟಾರ್ಕ್ಟಿಕದ ಬಿಯರ್ಡ್‌ಮೋರ್ ಹಿಮನದಿಯ ಬಳಿ ಆರಿಸಿ, ಸಾಯುವ ತನಕ ಜಾರುಬಂಡಿಯಲ್ಲಿ ಎಳೆದೊಯ್ದಿತ್ತು; ತೂಕ ಸುಮಾರು 16 ಕಿಲೋ. ಹಿಮಖಂಡದಲ್ಲೂ ಒಮ್ಮೆ ಕಾಡಿತ್ತು ಎಂಬುದಕ್ಕೆ ಅವು ಸಾಕ್ಷಿಯಾದವು.

ಈಗ ‘ಹಳೆಯದಾದಷ್ಟೂ ಉತ್ತಮ’ ಎಂಬ ಮಾತಿಗೆ ಬರೋಣ. ಪೀಟ್, ಲಿಗ್ನೈಟ್, ಸಬ್‌ಬಿಟುಮಿನಸ್, ಬಿಟುಮಿನಸ್, ಆಂಥ್ರಸೈಟ್ ಎಂದು ಇಂಗಾಲ ಹೆಚ್ಚುತ್ತ ಹೋಗುವ ದರ್ಜೆಯ ಮೆಟ್ಟಿಲುಗಳನ್ನು ಹತ್ತಿಸುವುದು ವಯಸ್ಸಲ್ಲ, ಕಾವು. ಮಾಸ್ಕೋ ಸುತ್ತಲಿನ ಕಲ್ಲಿದ್ದಲು ಕಾರ್ಬಾನಿಫೆರಸ್‌ನ ಆರಂಭದ್ದು, ಮೂವತ್ತು ಕೋಟಿ ವರ್ಷಕ್ಕೂ ಹಳೆಯದು. ಆದರೂ ಅದು ಇಂದಿಗೂ ಲಿಗ್ನೈಟ್ ಆಗಿಯೇ ಇದೆ, ಏಕೆಂದರೆ ಅದು ಎಂದೂ ಆಳಕ್ಕೆ ಇಳಿಯಲೇ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಕಲ್ಲಿದ್ದಲು ಪಶ್ಚಿಮದಲ್ಲಿ ಬಿಟುಮಿನಸ್, ಪರ್ವತ ಮಡಚಿ ಏರಿದ ಪೂರ್ವದಲ್ಲಿ ಆಂಥ್ರಸೈಟ್. ವಯಸ್ಸು ಒಂದೇ, ತಿಂದ ಕಾವು ಬೇರೆ.

ನಿಮ್ಮ ಕೋಷ್ಟಕದಲ್ಲಿ ಕೊಟ್ಟ ಇಂಗಾಲದ ಶೇಕಡಾವಾರು ಅಂಕಿಗಳ ಬಗ್ಗೆಯೂ ಒಂದು ಮಾತು. ಆ ಅಂಕಿಗಳು ನೀರು, ಬೂದಿ ಕಳೆದು ಉಳಿದದ್ದರ ಲೆಕ್ಕ: ಲಿಗ್ನೈಟಿನಲ್ಲಿ ಸುಮಾರು 60ರಿಂದ 70, ಬಿಟುಮಿನಸ್‌ನಲ್ಲಿ 75ರಿಂದ 90, ಆಂಥ್ರಸೈಟಿನಲ್ಲಿ 90ಕ್ಕೂ ಮೇಲು. ಆದರೆ ಕುಲುಮೆಗೆ ಹಾಕುವುದು ನೀರು, ಬೂದಿ ಸಮೇತ. ಗಣಿಯಿಂದ ಬಂದ ಲಿಗ್ನೈಟಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧಕ್ಕೂ ಹೆಚ್ಚು ನೀರಿರಬಹುದು, ಉರಿಯ ಶಾಖದ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ. ಹಾಗಾಗಿ ಕಿಲೋ ಲಿಗ್ನೈಟಿನಿಂದ 10ರಿಂದ 20 ಮೆಗಾಜೂಲ್ ಸಿಕ್ಕರೆ, ಬಿಟುಮಿನಸ್‌ನಿಂದ 24ರಿಂದ 35. ಎರಡು ಬಗೆಯ ಅಂಕಿಯನ್ನು ಒಂದೇ ಸಾಲಿನಲ್ಲಿ ಹಾಕಿದರೆ ಓದುಗನಿಗೆ ತಲೆಬುಡ ತಿಳಿಯುವುದಿಲ್ಲ. ಇನ್ನು ‘ಉತ್ತಮ’ ಎಂಬ ಮಾತು. ಯಾವ ಕೆಲಸಕ್ಕೆ ಉತ್ತಮ? ಆಂಥ್ರಸೈಟ್ ಹೊಗೆಯಿಲ್ಲದೆ ಉರಿಯುತ್ತದೆ, ಆದರೆ ಹೊತ್ತಿಸುವುದು ಕಷ್ಟ. ಕಬ್ಬಿಣ ತೆಗೆಯುವ ಊದುಕುಲುಮೆಗೆ ಬೇಕಾದ ಕೋಕ್ ಅದರಿಂದ ಆಗುವುದಿಲ್ಲ, ಲಿಗ್ನೈಟಿನಿಂದಲೂ ಆಗುವುದಿಲ್ಲ; ಬಿಸಿ ಮಾಡಿದಾಗ 350ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ ಮೆತ್ತಗಾಗಿ, ಉಬ್ಬಿ, ಮತ್ತೆ ಗಟ್ಟಿಯಾಗುವ ಕೆಲವು ಬಿಟುಮಿನಸ್ ಕಲ್ಲಿದ್ದಲುಗಳಿಂದ ಮಾತ್ರ ಆಗುತ್ತದೆ.

ಬಿಟುಮಿನಸ್ ಕಲ್ಲಿದ್ದಲಿನ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಚರಿತ್ರೆ ಅರ್ಧ ತಿಳಿಯುತ್ತದೆ. ಕನ್ನಡಿಯಂತೆ ಹೊಳೆಯುವ ತೆಳು ಪಟ್ಟೆಗಳು ಕಾಂಡ, ತೊಗಟೆಯಿಂದ ಬಂದವು. ಮಂಕು ಪಟ್ಟೆಗಳು ಬೀಜಾಣು, ಎಲೆಯ ಸಿಪ್ಪೆ, ಮಣ್ಣು ಬೆರೆತವು. ನಡುವೆ ರೇಷ್ಮೆಯಂಥ ಹೊಳಪಿನ, ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಮಸಿ ಹತ್ತಿಸುವ ಪದರ ಕಂಡರೆ ಅದು ಅಂದಿನ ಕಾಳ್ಗಿಚ್ಚಿನ ಇದ್ದಿಲು. ಹೊಳೆಯುವ ಪಟ್ಟೆಗಳಲ್ಲಿ ನೇರ ಸೀಳುಗಳಿರುತ್ತವೆ, ಆದ್ದರಿಂದಲೇ ಅದು ಇಟ್ಟಿಗೆಯಂತೆ ಚೌಕವಾಗಿ ಒಡೆಯುತ್ತದೆ. ಸೀಳಿನಲ್ಲಿ ಚಿನ್ನದ ಬಣ್ಣದ ಚುಕ್ಕೆ ಕಂಡರೆ ಹಿಗ್ಗಬೇಕಿಲ್ಲ. ಅದು ಪೈರೈಟ್, ಎಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಜೌಗಿಗೆ ಕಡಲ ನೀರು ನುಗ್ಗಿದ ಕಡೆ ಗಂಧಕ ಹೆಚ್ಚು, ಹೊಳೆಯ ನೆರೆ ನುಗ್ಗಿದ ಕಡೆ ಬೂದಿ ಹೆಚ್ಚು.

ಕೆಳದರ್ಜೆಯ ಕಲ್ಲಿದ್ದಲಿನ ರಾಶಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬುದನ್ನು ನಿಮ್ಮ ಬರಹ ‘ಬೇಸಿಗೆಯ ಬಿಸಿಲಿನಿಂದ’ ಎಂದಿತ್ತು. ಬಿಸಿಲಿನ ಪಾತ್ರ ಸಣ್ಣದು. ಹೊಸದಾಗಿ ಒಡೆದ ಮೈ ಆಮ್ಲಜನಕವನ್ನು ಹೀರಿ ಶಾಖ ಬಿಡುತ್ತದೆ. ಸಡಿಲವಾಗಿ ಸುರಿದ ರಾಶಿಯೊಳಗೆ ಗಾಳಿ ಹೋಗಲು ದಾರಿಯಿದೆ, ಶಾಖ ಹೊರಬರಲು ಸಾಕಷ್ಟು ದಾರಿಯಿಲ್ಲ. ಮೇಲಿನಿಂದ ಸುರಿದಾಗ ದೊಡ್ಡ ಹೆಂಟೆಗಳು ಉರುಳಿ ಬುಡ ಸೇರುತ್ತವೆ, ಅವುಗಳ ಸಂದಿನಿಂದ ಗಾಳಿ ಒಳನುಗ್ಗಿ ರಾಶಿಯೇ ಚಿಮಣಿಯಾಗುತ್ತದೆ. ತೆಳು ಪದರಗಳಾಗಿ ಹರಡಿ, ಪ್ರತಿ ಪದರವನ್ನೂ ಅದುಮಿ, ಇಳಿಜಾರನ್ನು ಕಡಿಮೆ ಮಾಡುವುದೇ ಉಪಾಯ. ಒಣಗಿದ ಲಿಗ್ನೈಟಿಗೆ ಅರೆಬರೆ ನೀರು ಚಿಮುಕಿಸಿದರೆ, ನೀರು ಹೀರುವಾಗಲೂ ಅದು ಶಾಖ ಬಿಡುವುದರಿಂದ, ಕೆಲಸ ಕೆಡುವುದೇ ಹೆಚ್ಚು.

ಎಣ್ಣೆಯ ಹಾದಿ ಬೇರೆ. ಕಡಲಿನಲ್ಲಿ ಹುಟ್ಟುವ ಸಾವಯವ ಪದಾರ್ಥದಲ್ಲಿ ತಳದ ಕೆಸರಿನಲ್ಲಿ ಹೂತು ಉಳಿಯುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತಳದ ನೀರಿನಲ್ಲಿ ಆಮ್ಲಜನಕ ಇಲ್ಲದ ಕಡೆ ಉಳಿಯುವ ಸಂಭವ ಹೆಚ್ಚು. ಇಂದಿನ ಕಪ್ಪು ಸಮುದ್ರದಲ್ಲಿ ಸುಮಾರು 150–200 ಮೀಟರ್ ಕೆಳಗೆ ಆಮ್ಲಜನಕವೇ ಇಲ್ಲ. ಅಂಥ ತಳದ ನುಣ್ಣನೆ ಕೆಸರು ಮುಂದೆ ಕಪ್ಪು ಶೇಲ್ ಶಿಲೆಯಾಗುತ್ತದೆ. ಅದರ ತೂಕದಲ್ಲಿ ಶೇ 1–2ರಷ್ಟು ಸಾವಯವ ಇಂಗಾಲ ಇದ್ದರೂ ಅದು ಮೂಲಶಿಲೆ, ಎಂದರೆ ಎಣ್ಣೆ ಹುಟ್ಟುವ ಶಿಲೆ, ಆಗಲು ಯೋಗ್ಯ. ಉತ್ತರ ಸಮುದ್ರದ ಬಹುಪಾಲು ಎಣ್ಣೆ ಜುರಾಸಿಕ್ ಕೊನೆಯ ಕಿಮ್ಮೆರಿಜ್ ಜೇಡಿಶಿಲೆಯಿಂದ ಬಂದದ್ದು.

ಹೂತ ಪಾಚಿ ನೇರವಾಗಿ ಎಣ್ಣೆಯಾಗುವುದಿಲ್ಲ. ಮೊದಲು ಕೆರೋಜೆನ್ ಆಗುತ್ತದೆ, ಎಂದರೆ ಸಾಮಾನ್ಯ ದ್ರಾವಕಗಳಲ್ಲಿ ಕರಗದ ಗಟ್ಟಿ ಸಾವಯವ ಪದಾರ್ಥ. ಆಳಕ್ಕೆ ಇಳಿದಂತೆ ಕಿಲೋಮೀಟರಿಗೆ 25–30 ಡಿಗ್ರಿಯಂತೆ ಬಿಸಿ ಏರುತ್ತದೆ. ಸುಮಾರು 60 ಡಿಗ್ರಿಗೆ ಕೆರೋಜೆನ್ ಒಡೆಯತೊಡಗುತ್ತದೆ, 150ರ ಹೊತ್ತಿಗೆ ಎಣ್ಣೆ ಹುಟ್ಟುವುದು ಬಹುಮಟ್ಟಿಗೆ ಮುಗಿಯುತ್ತದೆ. ಸಾಧಾರಣ ನೆಲದಲ್ಲಿ ಇದು ಸುಮಾರು ಎರಡರಿಂದ ಐದು ಕಿಲೋಮೀಟರಿನ ಆಳ. ಇನ್ನೂ ಬಿಸಿಯಾದರೆ ಎಣ್ಣೆಯೂ ಒಡೆದು ಅನಿಲವಾಗುತ್ತದೆ. 200 ದಾಟಿದ ಮೇಲೆ ಮೀಥೇನ್ ಮತ್ತು ಕರಿ ಶೇಷ ಮಾತ್ರ. ಹದಕ್ಕೆ ಮೊದಲೇ ನಿಂತರೂ ಎಣ್ಣೆ ಇಲ್ಲ. ಅಮೆರಿಕದ ಗ್ರೀನ್ ರಿವರ್ ಶಿಲೆಯಲ್ಲಿ ಹೇರಳ ಕೆರೋಜೆನ್ ಇದೆ, ಹಳೆಯ ಸರೋವರಗಳ ಪಾಚಿಯದು. ಆದರೆ ಬಹುಪಾಲು ಸಾಕಷ್ಟು ಕಾವು ಕಾಣದೆ ಹಾಗೇ ಉಳಿದಿದೆ. ಕಲ್ಲನ್ನು ಕುಲುಮೆಯಲ್ಲಿ ಕಾಯಿಸಿದರೆ ಮಾತ್ರ ಎಣ್ಣೆ ಬಿಡುತ್ತದೆ.

‘ಕೋಟ್ಯಂತರ ವರ್ಷ’ ಎಂಬ ಷರತ್ತೂ ಸಡಿಲವಾದದ್ದೇ. ಕಾವು ಕಡಿಮೆಯಿದ್ದರೆ ಕಾಲ ಹೆಚ್ಚು ಬೇಕು, ಕಾವು ಹೆಚ್ಚಿದ್ದರೆ ಕಡಿಮೆ ಸಾಕು. ಪ್ರಯೋಗಾಲಯದಲ್ಲಿ ಮೂಲಶಿಲೆಯ ಚೂರನ್ನು ನೀರಿನೊಡನೆ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ 350 ಡಿಗ್ರಿ ಆಸುಪಾಸಿನಲ್ಲಿ 72 ಗಂಟೆ ಇಟ್ಟರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಪ್ರಕೃತಿಯಲ್ಲೂ ಉದಾಹರಣೆ ಉಂಟು: ಕ್ಯಾಲಿಫೋರ್ನಿಯಾ ಕೊಲ್ಲಿಯ ಗ್ವಾಯ್ಮಸ್ ತಗ್ಗಿನಲ್ಲಿ ಬಿಸಿನೀರಿನ ಊಟೆಗಳು ಕಡಲತಳದ ಕೆಸರನ್ನು ಬೇಯಿಸಿ ಮಾಡಿದ ಎಣ್ಣೆ ಕೆಲವೇ ಸಾವಿರ ವರ್ಷ ಹಳೆಯದು.

ಶಿಲೆ ಎಷ್ಟು ಬೆಂದಿದೆ ಎಂದು ಅಳೆಯುವ ಬಗೆಯೂ ಹೇಳಬೇಕಾದದ್ದೇ, ಏಕೆಂದರೆ ಅಲ್ಲಿ ಎಣ್ಣೆ ಹುಡುಕುವವರು ಕಲ್ಲಿದ್ದಲಿನ ಮೊರೆ ಹೋಗುತ್ತಾರೆ. ಶೇಲ್‌ನಲ್ಲಿ ಸಿಕ್ಕಿಬಿದ್ದ ಮರದ ಕಣ, ವಿಟ್ರಿನೈಟ್, ಬೆಂದಷ್ಟೂ ಹೆಚ್ಚು ಹೊಳೆಯುತ್ತದೆ. ಕಲ್ಲನ್ನು ಕನ್ನಡಿಯಂತೆ ಉಜ್ಜಿ, ಸೂಕ್ಷ್ಮದರ್ಶಕದಡಿ ಅದು ಹಿಂದಿರುಗಿಸುವ ಬೆಳಕನ್ನು ಅಳೆಯುತ್ತಾರೆ. ಬಿದ್ದ ಬೆಳಕಿನಲ್ಲಿ ಶೇ 0.6ರಿಂದ 1.3 ಮರಳಿದರೆ ಅದು ಎಣ್ಣೆಯ ಹದ. ಅದಕ್ಕಿಂತ ಕಡಿಮೆಯಾದರೆ ಇನ್ನೂ ಹಸಿ, ಮೀರಿದರೆ ಅನಿಲದ ಆಸೆ ಮಾತ್ರ.

ಇನ್ನು ಆ ಕಪ್ಪು ಕೆರೆ. ಮೂಲಶಿಲೆಯಿಂದ ಹಿಂಡಿ ಹೊರಬಿದ್ದ ಎಣ್ಣೆ ನೀರಿಗಿಂತ ಹಗುರ. ನೀರು ತುಂಬಿದ ಕಲ್ಲಿನ ರಂಧ್ರಗಳ ಮೂಲಕ ಮೇಲಕ್ಕೆ ನುಸುಳುತ್ತ ಹೋಗುತ್ತದೆ. ದಾರಿಯಲ್ಲಿ ಕಮಾನಿನಂತೆ ಬಾಗಿದ ಶಿಲೆಯೋ, ಜರುಗಿದ ಬಿರುಕೋ, ಉಪ್ಪಿನ ಗುಮ್ಮಟವೋ ಅಡ್ಡಬಂದು, ಮೇಲೆ ಉಪ್ಪು ಅಥವಾ ಜೇಡಿಯ ಬಿಗಿ ಮುಚ್ಚಳ ಇದ್ದರೆ ನಿಲ್ಲುತ್ತದೆ. ಕಮಾನು ಎಣ್ಣೆ ಬರುವ ಮೊದಲೇ ಸಿದ್ಧವಾಗಿರಬೇಕು. ತಡವಾಗಿ ಬಾಗಿದರೆ ಎಣ್ಣೆ ಆಗಲೇ ದಾಟಿಹೋಗಿರುತ್ತದೆ, ಬಾವಿಯಲ್ಲಿ ಉಪ್ಪುನೀರು ಸಿಗುತ್ತದೆ. ನಿಂತ ಎಣ್ಣೆ ಇರುವುದು ಮರಳುಗಲ್ಲು, ಸುಣ್ಣಗಲ್ಲುಗಳ ಕಣದ ಸಂದುಗಳಲ್ಲಿ. ಸೌದಿ ಅರೇಬಿಯಾದ ಘವಾರ್ ಸುಮಾರು 280 ಕಿಲೋಮೀಟರ್ ಉದ್ದದ ಕ್ಷೇತ್ರ. ಅಲ್ಲೂ ಎಣ್ಣೆ ಇರುವುದು ಜುರಾಸಿಕ್ ಸುಣ್ಣಗಲ್ಲಿನೊಳಗೆ. ಒಂದು ಘನಮೀಟರ್ ಒಳ್ಳೆಯ ಮರಳುಗಲ್ಲನ್ನೇ ತೆಗೆದುಕೊಳ್ಳಿ. ಒಣಗಿದ್ದರೆ ತೂಕ ಎರಡು ಟನ್ನಿಗೂ ಹೆಚ್ಚು. ಸಂದು ಶೇ 20 ಇದ್ದರೆ 200 ಲೀಟರ್ ಜಾಗ. ಅದರಲ್ಲಿ ಕಾಲುಭಾಗ ಕಣಗಳಿಗೆ ಅಂಟಿದ ನೀರು ಎಂದಿಟ್ಟುಕೊಂಡರೆ 150 ಲೀಟರ್ ಎಣ್ಣೆ, ಒಂದು ಬ್ಯಾರೆಲ್‌ಗೂ ಸ್ವಲ್ಪ ಕಡಿಮೆ. ನೀರು ನುಗ್ಗಿಸಿ ತಳ್ಳಿದರೂ ಹೊರಬರುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗ, ಎಂದರೆ ಸುಮಾರು 50 ಲೀಟರ್. ಉಳಿದದ್ದು ಕಲ್ಲಿನಲ್ಲೇ. ‘ಬಾವಿ ಬತ್ತಿತು’ ಎಂದರೆ ಕೆರೆ ಖಾಲಿಯಾಯಿತು ಎಂದಲ್ಲ.

ಬಾವಿಯಿಂದ ಬಂದ ಮರಳುಗಲ್ಲಿನ ಚೂರು ಹಗಲಿನಲ್ಲಿ ಬರೀ ಕಂದು ಕಲ್ಲು. ಕತ್ತಲಲ್ಲಿ ಅದರ ಮೇಲೆ ನೇರಳಾತೀತ ದೀಪ ಹಿಡಿದರೆ, ಎಣ್ಣೆ ಹಿಡಿದ ಚೂರು ಹಳದಿಯಾಗಿ ಬೆಳಗುತ್ತದೆ. ಕೊರೆಯುವ ಕಡೆ ಮೊದಲ ಸುಳಿವು ಸಿಗುವುದು ಎಷ್ಟೋ ಸಲ ಹೀಗೆ.

ಮುಚ್ಚಳ ಸಿಗದ ಎಣ್ಣೆ ಮೇಲೆ ಬಂದು ಹಾಳಾಗುತ್ತದೆ. ಸುಮಾರು 80 ಡಿಗ್ರಿಗಿಂತ ತಣ್ಣಗಿರುವ ಕಡೆ ಬ್ಯಾಕ್ಟೀರಿಯಾ ಅದರ ಹಗುರ ಭಾಗವನ್ನು ತಿಂದು ಡಾಂಬರಿನಂಥ ಅಂಟನ್ನು ಬಿಡುತ್ತದೆ. ಕೆನಡಾದ ಅಥಬಾಸ್ಕಾ ಮರಳಿನ ಕಥೆ ಇದೇ. ಟ್ರಿನಿಡಾಡಿನಲ್ಲಿ ‘ಪಿಚ್ ಲೇಕ್’ ಎಂಬುದಿದೆ, ಸುಮಾರು 40 ಹೆಕ್ಟೇರ್ ಡಾಂಬರು. ಕೆರೆ ಎಂಬ ಹೆಸರು ಹೊತ್ತಿರುವ ಅದು ಇರುವುದು ನೆಲದ ಮೇಲೆ, ಅದರ ಮೇಲೆ ಜನ ನಡೆದಾಡುತ್ತಾರೆ.

ಎಣ್ಣೆ ಭೂಗರ್ಭದಲ್ಲಿ ತಾನೇ ಊರುತ್ತದೆ, ಜೀವಿಗಳಿಗೂ ಅದಕ್ಕೂ ನಂಟಿಲ್ಲ ಎಂಬ ವಾದ ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಕಾಲದ್ದು, ಇಂದಿಗೂ ಮತ್ತೆ ಮತ್ತೆ ತಲೆ ಎತ್ತುತ್ತದೆ. ಆದರೆ 1930ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಟ್ರೈಬ್ಸ್ ಕಚ್ಚಾ ತೈಲದಲ್ಲಿ ಪಾರ್ಫೈರಿನ್ ಎಂಬ ಅಣುಗಳನ್ನು ಪತ್ತೆಮಾಡಿ, ಅವು ಎಲೆಯ ಹಸಿರು ದ್ರವ್ಯದ ಸಂತತಿ ಎಂದು ತೋರಿಸಿದರು. 1980ರ ದಶಕದಲ್ಲಿ ಸ್ವೀಡನ್ನಿನ ಸಿಲ್ಯಾನ್ ಉಲ್ಕಾಕುಳಿಯ ಗ್ರಾನೈಟಿನಲ್ಲಿ ಆರು ಕಿಲೋಮೀಟರಿಗೂ ಆಳಕ್ಕೆ ಕೊರೆದು ಆ ವಾದವನ್ನು ಪರೀಕ್ಷಿಸಿದರು. ವ್ಯಾಪಾರಕ್ಕೆ ಆಗುವಷ್ಟು ಏನೂ ಸಿಗಲಿಲ್ಲ.

ಅನಿಲವನ್ನು ಎಣ್ಣೆಯ ಬಾಲದಂತೆ ತೋರಿಸುವುದು ಇನ್ನೊಂದು ಅಭ್ಯಾಸ. ಮೀಥೇನ್ ಹುಟ್ಟಲು ಹಲವು ದಾರಿಗಳಿವೆ. ಆಳವಿಲ್ಲದ, ತಣ್ಣಗಿನ ಕೆಸರಿನಲ್ಲಿ ಸೂಕ್ಷ್ಮಜೀವಿಗಳೇ ಮಾಡುತ್ತವೆ. ಆಳದಲ್ಲಿ ಕೆರೋಜೆನ್, ಎಣ್ಣೆ ಒಡೆದು ಆಗುತ್ತದೆ. ಕಲ್ಲಿದ್ದಲು ಬಿಸಿಯಾದಾಗಲೂ ಬಿಡುತ್ತದೆ. ಕಲ್ಲಿದ್ದಲಿನ ಮೀಥೇನ್ ಅದರ ಮೈಗೆ ಅಂಟಿಕೊಂಡು ನೀರಿನ ಒತ್ತಡದಲ್ಲಿ ನಿಂತಿರುತ್ತದೆ, ನೀರನ್ನು ಪಂಪು ಮಾಡಿ ತೆಗೆದರೆ ಬಿಡುಗಡೆಯಾಗುತ್ತದೆ. ಗಣಿಗಾರರಿಗೆ ಅದು ಯಮ: ಗಾಳಿಯಲ್ಲಿ ಶೇ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು.

ನಿಮ್ಮ ಬರಹ ನೈಸರ್ಗಿಕ ಅನಿಲವನ್ನೂ ಎಲ್‌ಪಿಜಿಯನ್ನೂ ಒಂದೇ ಮಾಡಿದೆ. ಇದನ್ನು ಮಾತ್ರ ತಪ್ಪದೆ ತಿದ್ದಬೇಕು, ಇದು ಜೀವದ ಪ್ರಶ್ನೆ. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯೂಟೇನ್. ಗಾಳಿಯ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೆಲದುದ್ದಕ್ಕೂ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಒಂದರ ಸೋರಿಕೆ ಪತ್ತೆಯ ಸಾಧನ ಸೂರಿನ ಹತ್ತಿರ ಇರಬೇಕು, ಇನ್ನೊಂದರದು ನೆಲದ ಹತ್ತಿರ. ಎರಡಕ್ಕೂ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಮೂಗಿಗೆ ಬಡಿಯುವುದು ಬೇಕೆಂದೇ ಸೇರಿಸಿದ ಮರ್ಕ್ಯಾಪ್ಟಾನ್ ಎಂಬ ನಾರುವ ರಾಸಾಯನಿಕ. ಕೆಲವು ಬಾವಿಗಳಿಂದ ಬರುವ, ಗಂಧಕ ಬೆರೆತ ‘ಹುಳಿ ಅನಿಲ’ದ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಇದೆ ನಿಜ, ಆದರೆ ಹತ್ತು ಲಕ್ಷಕ್ಕೆ 100 ಭಾಗದ ಸುಮಾರಿಗೆ ಅದು ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತು ಎಂದರೆ ಅಪಾಯ ಹೋಯಿತು ಎಂದಲ್ಲ. ಎಲ್‌ಎನ್‌ಜಿ ಮತ್ತೊಂದು: ಮೀಥೇನನ್ನೇ ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ, ಗಾತ್ರವನ್ನು ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಸಿದ್ದು.

ಮುಂದಿನ ಸಲ ಚಿತ್ರ ಬರೆಸುವಾಗ ದಯವಿಟ್ಟು ಎರಡು ಬಾಣ ಹಾಕಿಸಿ. ಒಂದು ಜೌಗಿನಿಂದ ಹೊರಟು ಕಲ್ಲಿದ್ದಲಿಗೆ, ಇನ್ನೊಂದು ಕಡಲತಳದ ಕೆಸರಿನಿಂದ ಹೊರಟು ಕೆರೋಜೆನ್ ಮೂಲಕ ಎಣ್ಣೆಗೆ. ಎರಡರಿಂದಲೂ ಅನಿಲಕ್ಕೆ ಒಂದೊಂದು ಕವಲು. ಪಕ್ಕದಲ್ಲಿ ವರ್ಷದ ಬದಲು ಆಳ ಮತ್ತು ಡಿಗ್ರಿಗಳ ಅಳತೆಪಟ್ಟಿ ಇರಲಿ. ಕೆರೆಯ ಜಾಗದಲ್ಲಿ ಮರಳುಗಲ್ಲಿನ ಕಣಗಳನ್ನು ದೊಡ್ಡದಾಗಿ ಬಿಡಿಸಿ, ಸಂದುಗಳಲ್ಲಿ ಮೇಲೆ ಅನಿಲ, ನಡುವೆ ಎಣ್ಣೆ, ಕೆಳಗೆ ಉಪ್ಪುನೀರು ತುಂಬಿಸಿ, ಮೇಲೊಂದು ಜೇಡಿಯ ಮುಚ್ಚಳ ಎಳೆಯಲಿ. ಡೈನೋಸಾರ್ ಇಲ್ಲದೆ ಪುಟ ಕಳೆಗಟ್ಟುವುದಿಲ್ಲ ಎಂದು ಕಲಾವಿದರು ಹಟ ಹಿಡಿದರೆ ದಡದ ಮೇಲೆ ಸುಮ್ಮನೆ ನಿಂತಿರಲಿ, ಬಾಣಕ್ಕೆ ಮಾತ್ರ ತಾಗದಿರಲಿ.

ಇಂತಿ,
ಭೂವಿಜ್ಞಾನದ ಇಬ್ಬರು ಅಧ್ಯಾಪಕರು